ಮಾರ್ಚ್ 31ರೊಳಗೆ ಸವಳು ಮೇಲೆ ಬರುವಂತೆ ಮಾಡುವ ಉಪಾಯವಿದೆಯೇ?

ಪ್ರಶ್ನೆ: ಸಿಂಧನೂರು ಮೇಷ್ಟ್ರು

ಮಾನ್ಯರೇ, ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಭತ್ತಕ್ಕೆಂದು ವರ್ಷಗಟ್ಟಲೆ ನೀರು ನಿಲ್ಲಿಸಿ ಸವಳು-ಜವಳಾದ ಗದ್ದೆಗಳ ಮಣ್ಣನ್ನು ಪರೀಕ್ಷಿಸುವ ಸಣ್ಣ ಯೋಜನೆಯೊಂದು ನನಗೆ ಮಂಜೂರಾಗಿದೆ. ಅನುದಾನದ ಕಂತು ಫೆಬ್ರವರಿಯ ಕೊನೆಯಲ್ಲಿ ಬಂದಿದ್ದು, ಮಾರ್ಚ್ 31ರೊಳಗೆ ಅದನ್ನು ಖರ್ಚು ಮಾಡಿ ಹಣಬಳಕೆ ಪ್ರಮಾಣಪತ್ರ ಸಲ್ಲಿಸಬೇಕೆಂದು ಹಣಕಾಸು ವಿಭಾಗದವರು ತಾಕೀತು ಮಾಡಿದ್ದಾರೆ. ಆದರೆ ನಮ್ಮ ಕಡೆ ಉಪ್ಪು ಮೇಲ್ಪದರಕ್ಕೆ ಬಂದು ನೆಲ ಬೆಳ್ಳಗಾಗುವುದು ಕಾಲುವೆಯ ನೀರು ನಿಂತು ಬಿಸಿಲು ಏರಿದ ಏಪ್ರಿಲ್-ಮೇ ತಿಂಗಳಲ್ಲಿ. ಅದಕ್ಕೆ ಆರ್ಥಿಕ ವರ್ಷದ ಪರಿವೆಯಿಲ್ಲ. ಇನ್ನು ಉಪ್ಪಿನಂಶ ತಿಳಿಯಲು ಮಣ್ಣಿನ ವಿದ್ಯುತ್ ವಾಹಕತೆ ಅಳೆಯುವ ಮಾಪಕದ ಖರೀದಿ ಕಡತವು ಪ್ರಭಾರ ಕುಲಪತಿಗಳ ಮೇಜಿನ ಮೇಲಿದೆ. ಕಾಯಂ ಕುಲಪತಿಗಳು ಬಂದು ತೀರ್ಮಾನಿಸಲಿ ಎಂಬುದು ಅವರ ನಿಲುವು. (ಯಾವ ವಿಶ್ವವಿದ್ಯಾಲಯವೆಂದು ದಯವಿಟ್ಟು ಕೇಳಬೇಡಿ, ನನಗಿನ್ನೂ ಬಡ್ತಿ ಬಾಕಿಯಿದೆ.) ನಾನೇನು ಮಾಡಲಿ?

ಉತ್ತರ: ಬಳ್ಳಾರಿಯ ನಿವೃತ್ತ ಅಧೀಕ್ಷಕ

ಮೇಷ್ಟ್ರೇ, ಯೋಜನೆಯ ಫಲಿತಾಂಶ ಮಣ್ಣಿನಲ್ಲಿದೆ ಎಂದು ನೀವು ನಂಬಿದ್ದೀರಿ. ಅದಿರುವುದು 2017ರ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆಯಲ್ಲಿ, ಅಂದರೆ ನೀವು ಸಲ್ಲಿಸಬೇಕಾದ ಆ ಹಣಬಳಕೆ ಪ್ರಮಾಣಪತ್ರದಲ್ಲಿ. ಬಂದದ್ದು, ಖರ್ಚಾದದ್ದು, ಉಳಿದದ್ದು ಪೈಸೆಗೆ ಪೈಸೆ ಹೊಂದಿಕೆಯಾದರೆ, ಗದ್ದೆಯಲ್ಲಿ ಉಪ್ಪು ಎಷ್ಟಿತ್ತೆಂದು ನನ್ನ ಸೇವಾವಧಿಯಲ್ಲಿ ಯಾವ ಲೆಕ್ಕಪರಿಶೋಧಕರೂ ಕೇಳಿದವರಲ್ಲ.

ದೆಹಲಿಯವರು ಸುಮ್ಮನಿದ್ದಾರೆಂದೂ ಹೇಳಲಾಗದು. ಸಂಶೋಧನಾ ಅನುದಾನದ ಮೇಲೂ ಶೇ 18ರಷ್ಟು ಜಿಎಸ್‌ಟಿ ಕಟ್ಟಿರೆಂದು ದೊಡ್ಡ ದೊಡ್ಡ ಸಂಸ್ಥೆಗಳಿಗೇ ನೋಟಿಸು ಹೋಗಿ, ಸರ್ಕಾರ ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕೇಳುತ್ತಿದೆಯೆಂದು ಗದ್ದಲವೆದ್ದ ಬಳಿಕ, 2024ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ವಿನಾಯಿತಿ ನೀಡಿತು. 2025ರ ಜೂನ್‌ನಲ್ಲಿ ವೈಜ್ಞಾನಿಕ ಉಪಕರಣಗಳನ್ನು ಸರ್ಕಾರಿ ಖರೀದಿಯ ಜಾಲತಾಣವಾದ ಜೆಮ್ ಪೋರ್ಟಲ್‌ನ ಹೊರಗೆ ಕೊಳ್ಳಲು ಕುಲಪತಿಗಳಿಗೂ ನಿರ್ದೇಶಕರಿಗೂ ಅಧಿಕಾರ ಕೊಟ್ಟು, ನೇರ ಖರೀದಿಯ ಮಿತಿಯನ್ನು 1 ಲಕ್ಷದಿಂದ 2 ಲಕ್ಷ ರೂಪಾಯಿಗೆ ಏರಿಸಿದರು. ಅಧಿಕಾರವೇನೋ ಕುಲಪತಿಗಳವರೆಗೆ ಬಂತು. ನಿಮ್ಮಲ್ಲಿಗೆ ಕುಲಪತಿಗಳೇ ಬಂದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಿದ್ದೆವು, ಈಗ ಪೂಜಾರಿಯ ಹುದ್ದೆಯೇ ಖಾಲಿ.

ಉತ್ತರ: ಕೊಪ್ಪಳದ ಸಂಶೋಧನಾ ವಿದ್ಯಾರ್ಥಿನಿ

ಸರ್, ಕಾಯಂ ಕುಲಪತಿಗಳ ಮೇಲೆ ಬಹಳ ಭರವಸೆ ಇಡಬೇಡಿರಿ. ಅವರ ಅವಧಿ ನಾಲ್ಕು ವರ್ಷ. ಅದರಲ್ಲಿ ಮೊದಲನೆಯದು ಸನ್ಮಾನಗಳಿಗೆ, ಕೊನೆಯದು ಮುಂದಿನ ಹುದ್ದೆಯ ಓಡಾಟಕ್ಕೆ, ನಡುವಿನ ಎರಡು ವಿಶ್ವವಿದ್ಯಾಲಯದ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಮುನ್ನ ಗೋಡೆಗೆ ಸುಣ್ಣಬಣ್ಣ ಹಚ್ಚಿಸುವುದಕ್ಕೆ. ನಮ್ಮ ಊರಿನ ಚಿಂತೆ ಇದಕ್ಕಿಂತ ಸರಳವಾಗಿತ್ತು. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿಯಿಂದ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಬಂದಾಗ ಆ ಪಟ್ಟಿಯಲ್ಲಿ ಕೊಪ್ಪಳವೂ ಇತ್ತು. ಆ ದಿನಗಳಲ್ಲಿ ನಾವು ಸಹಿ ಯಾರು ಹಾಕುವರೆಂದು ಕೇಳಲಿಲ್ಲ, ಮೊಹರು ಉಳಿಯುವುದೇ ಎಂದು ಕೇಳುತ್ತಿದ್ದೆವು.

ಉತ್ತರ: ರಾಯಚೂರಿನ ಮಣ್ಣುವಿಜ್ಞಾನಿ

ಹಾಸ್ಯ ಸಾಕು, ಮೇಷ್ಟ್ರ ಕೆಲಸವಾಗಲಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಕೆಲಸ ಬಹುಕಾಲದಿಂದ ನಡೆದಿದೆ. ಮಾಪಕ ಬರುವವರೆಗೆ ಅಲ್ಲಿ ಸಹಕಾರ ಕೋರಿರಿ. ಮಾರ್ಚ್‌ನಲ್ಲಿ ಮಾದರಿ ತೆಗೆದು ಬೇಸಿಗೆಯದೆಂದು ಬರೆಯುವ ಮೋಹಕ್ಕೆ ಮಾತ್ರ ಬೀಳಬೇಡಿರಿ. ಉಳಿಕೆ ಹಣವನ್ನು ಮುಂದಿನ ವರ್ಷಕ್ಕೆ ಮುಂದುವರಿಸಲು ಅನುಮತಿ ಕೋರಿ ಅನುದಾನ ನೀಡಿದವರಿಗೆ ಇಂದೇ ಪತ್ರ ಬರೆದು, ಕುಲಸಚಿವರ ಮೂಲಕ ಕಳುಹಿಸಿರಿ. ಪತ್ರದಲ್ಲಿ ಪದನಾಮವನ್ನಷ್ಟೇ ನಮೂದಿಸಿರಿ, ಹೆಸರು ಹಾಕಬೇಡಿರಿ; ಕಡತವು ಎರಡನೆಯ ಮಹಡಿಗೆ ಹತ್ತುವಷ್ಟರಲ್ಲಿ ಅಲ್ಲಿ ಯಾರು ಕುಳಿತಿರುವರೋ ಹೇಳಲಾಗದು.