ಅಪ್‌ಡೇಟ್: ತೀರ್ಥಹಳ್ಳಿ ಕಡೆಯ ಸಣ್ಣ ಆಸ್ಪತ್ರೆಗೆ ಕಡಿಮೆ ಬೆಲೆಯ ಕಂಪ್ಯೂಟರ್

ಮಳೆಗಾಲದಲ್ಲಿ ಪದೇ ಪದೇ ಕರೆಂಟ್ ಹೋಗುವ ನಮ್ಮ ಆಸ್ಪತ್ರೆಯ ಓಪಿಡಿಗೆ ಯಾವ ಕಂಪ್ಯೂಟರ್ ಸಾಕು ಅಂತ ಹಿಂದೆ ಇಲ್ಲಿ ಕೇಳಿದ್ದೆ. ನೀವು ಹೇಳಿದ ಹಾಗೆ ರಾಸ್ಪ್‌ಬೆರಿ ಪೈ 4 ಅನ್ನೋ ಅಂಗೈಯಗಲದ ಪುಟ್ಟ ಕಂಪ್ಯೂಟರ್ ತಂದೆವು. 5 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಸಾಕು, ಅಂದ್ರೆ ಜಾಸ್ತಿ ಅಂದರೂ 15 ವ್ಯಾಟ್. ಮಾನಿಟರ್ ಸೇರಿದರೂ ಹಳೇ ಇನ್ವರ್ಟರ್ ಆರಾಮಾಗಿ ತಡೆಯುತ್ತದೆ.

ರೋಗಿಗಳ ದಾಖಲೆಯನ್ನು ಮೆಮೊರಿ ಕಾರ್ಡಿನಲ್ಲಿ ಮಾತ್ರ ಇಡಬೇಡಿ. ಸೇವ್ ಆಗುತ್ತಿರುವಾಗಲೇ ಕರೆಂಟ್ ಹೋದರೆ ಫೈಲ್ ಕೆಡಬಹುದು. ನಾವು ಯುಎಸ್‌ಬಿ ಎಸ್‌ಎಸ್‌ಡಿ (ಫೈಲ್ ಇಡುವ ಹೊರಗಿನ ಡ್ರೈವ್) ಹಾಕಿ, ದಿನಾ ಸಂಜೆ ಬ್ಯಾಕಪ್ ತೆಗೆಯುತ್ತೇವೆ. ಸಾಫ್ಟ್‌ವೇರ್ ಓಪನ್‌ಎಂಆರ್‌ಎಸ್, ರೋಗಿಗಳ ದಾಖಲೆ ಇಡುವುದಕ್ಕೇ ಮಾಡಿದ್ದು. ಕೆನ್ಯಾ, ರುವಾಂಡಾದ ಆಸ್ಪತ್ರೆಗಳಲ್ಲೂ ಬಳಸಿದ್ದು, ದುಡ್ಡು ಕೊಡಬೇಕಿಲ್ಲ.

ಮೊನ್ನೆ ಒಬ್ಬ ಅಜ್ಜಿಯ ಚೀಟಿ ಮಳೆಯಲ್ಲಿ ನೆನೆದು ಮುದ್ದೆಯಾಗಿತ್ತು. ಸಿಸ್ಟರ್ ಹೆಸರು ಹೊಡೆದ ಕೂಡಲೇ ಬಿಪಿ ಮಾತ್ರೆ ಯಾವುದು ಅಂತ ಸಿಕ್ಕಿತು. ತುಂಬಾ ಖುಷಿಯಾಯ್ತು.

ಥಂಡಿಗೆ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಳ್ಳುವುದು ಇನ್ನೂ ನಿಂತಿಲ್ಲ. ಗೊತ್ತಿದ್ದವರು ಹೇಳಿ.