ಪದಚರ್ಚೆ: ‘ಡೇಟಾ ಫಿಡ್ಯೂಷಿಯರಿ’ಗೆ ‘ಅಮಾನತುದಾರ’ ಆದೀತೇ?

ಬಳಗದ ಎಲ್ಲರಿಗೂ ಕಲಬುರಗಿಯಿಂದ ನಮಸ್ಕಾರ.

ತೊಗರಿ ಬೆಳೆಗಾರರಿಗೆ ದಿನದ ಧಾರಣೆ ತಿಳಿಸುವ ಆ್ಯಪ್ ಒಂದಕ್ಕೆ ಕನ್ನಡದಲ್ಲಿ ಖಾಸಗಿತನದ ನೋಟಿಸು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 5ನೇ ಕಲಮಿನ ಪ್ರಕಾರ, ಇಂಥ ನೋಟಿಸನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲೇ ಆಗಲಿ ಓದಿಕೊಳ್ಳುವ ಆಯ್ಕೆ ಜನರಿಗೆ ಇರಬೇಕು. ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದಿವೆ, ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಗಡುವಿದೆ. ಈ ಗಡುವಿನೊಳಗೆ ಸಾವಿರಾರು ನೋಟಿಸುಗಳು ಕನ್ನಡಕ್ಕೆ ಬರಲಿವೆ. ಅವುಗಳಲ್ಲಿ ಯಾವ ಪದ ಕೂತುಬಿಡುತ್ತದೋ ಅದೇ ಮುಂದೆ ಉಳಿಯುತ್ತದೆ. ಅದಕ್ಕೇ ಈಗಲೇ ಕೇಳುತ್ತಿದ್ದೇನೆ.

ನಾನು ಸಿಕ್ಕಿಕೊಂಡಿರುವ ಪದ ‘ಡೇಟಾ ಫಿಡ್ಯೂಷಿಯರಿ’. ನಮ್ಮ ಮಾಹಿತಿಯನ್ನು ಯಾಕೆ, ಹೇಗೆ ಬಳಸಬೇಕೆಂದು ನಿರ್ಧರಿಸುವ ಕಂಪನಿ ಅಥವಾ ಸಂಸ್ಥೆಗೆ ಕಾಯ್ದೆ ಇಟ್ಟ ಹೆಸರು ಇದು. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಯುರೋಪಿನ ಕಾನೂನು ಇದೇ ಕಂಪನಿಯನ್ನು ‘ಕಂಟ್ರೋಲರ್’ ಎನ್ನುತ್ತದೆ, ಮಾಹಿತಿ ಕೊಟ್ಟವರನ್ನು ‘ಡೇಟಾ ಸಬ್ಜೆಕ್ಟ್’ ಎನ್ನುತ್ತದೆ. ನಮ್ಮಲ್ಲಿ ಇಂಥ ಕಾನೂನಿನ ಕರಡು ಸಿದ್ಧಪಡಿಸಲು ಕೇಂದ್ರ ಸರ್ಕಾರ ನೇಮಿಸಿದ್ದ, ಅದೇ ವರ್ಷದ ಜುಲೈಯಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ ಎರಡೂ ಹೆಸರುಗಳನ್ನು ಬೇಕೆಂದೇ ಬದಲಿಸಿತು. ಹಿಡಿತದಲ್ಲಿ ಇಟ್ಟುಕೊಂಡವನು ಎನ್ನುವ ಬದಲು ನಂಬಿ ಕೊಟ್ಟಿದ್ದನ್ನು ಕಾಯುವವನು, ಅಧೀನ ಎನ್ನುವ ಬದಲು ‘ಪ್ರಿನ್ಸಿಪಲ್’, ಅಂದರೆ ಒಡೆತನದ ಮಾತುಳ್ಳವನು. ವೈದ್ಯರ, ವಕೀಲರ ಮೇಲೆ ಇರುವಂಥ ನಂಬಿಕೆಯ ಹೊಣೆಯನ್ನು ಇಂಟರ್‌ನೆಟ್ ಕಂಪನಿಗಳ ಮೇಲೂ ಹೊರಿಸಬೇಕೆಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಜಾಕ್ ಬಾಲ್ಕಿನ್ ಅದಕ್ಕೂ ಮೊದಲೇ ವಾದಿಸಿದ್ದರು. ಹೀಗಾಗಿ ‘ಮಾಹಿತಿ ನಿರ್ವಾಹಕ’ ಎಂದೋ ‘ದತ್ತಾಂಶ ನಿಯಂತ್ರಕ’ ಎಂದೋ ಬರೆದು ಮುಗಿಸಿದರೆ ಆ ಬದಲಾವಣೆಯ ಜೀವವೇ ಹೋಗುತ್ತದೆ.

‘ವಿಶ್ವಸ್ತ’ ಎನ್ನುವುದು ಮೊದಲು ಹೊಳೆಯುವ ಪದ. ಅರ್ಥ ಸರಿಯಿದೆ. ಆದರೆ ಗಂಜಿನಲ್ಲಿ (ಕಾಳಿನ ಮಾರುಕಟ್ಟೆಯಲ್ಲಿ) ಚೀಲ ಇಳಿಸುತ್ತಿರುವ ರೈತನಿಗೆ ‘ವಿಶ್ವಸ್ತ’ ಅಂದರೆ ‘ನಂಬಿಗಸ್ತ’ ಎಂಬ ಹೊಗಳಿಕೆಯಾಗಿ ಕೇಳುತ್ತದೆ. ಕಂಪನಿ ತನ್ನನ್ನು ತಾನೇ ಹೊಗಳಿಕೊಂಡ ಹಾಗಾಯಿತು! ಕಾನೂನು ಹೊರಿಸಿದ ಭಾರ ಅದರಲ್ಲಿ ಕಾಣುವುದಿಲ್ಲ. ‘ಧರ್ಮದರ್ಶಿ’ ಎಂದರೆ ಗುಡಿಯ ಆಡಳಿತ ಕಣ್ಣಮುಂದೆ ಬರುತ್ತದೆ. ‘ನ್ಯಾಸಧಾರಿ’ಯನ್ನು ಯಾರೂ ಆಡುವುದಿಲ್ಲ.

ನಮ್ಮ ಭಾಗದಲ್ಲಿ ಇದಕ್ಕೆ ಆಗಲೇ ಒಂದು ಪದ ಇದೆ: ಅಮಾನತ್. ‘ಅಕ್ಕ ಬಂಗಾರ ನಮ್ಮ ಹಂತೇಲಿ ಅಮಾನತ್ ಇಟ್ಟಾಳ’ ಅಂದರೆ ಅದು ಅಡವೂ ಅಲ್ಲ, ಸಾಲಕ್ಕೆ ಕೊಟ್ಟ ಒತ್ತೆಯೂ ಅಲ್ಲ, ದಾನವಂತೂ ಅಲ್ಲ. ಕೇಳಿದ ದಿನ ಇದ್ದಂತೇ ತಿರುಗಿ ಕೊಡಬೇಕಾದ್ದು. ಹಾಗೆ ಇಟ್ಟುಕೊಂಡು ಕಾಯುವವನನ್ನು ‘ಅಮಾನತುದಾರ’ ಎನ್ನಬಹುದು ಎಂಬುದು ನನ್ನ ಸಲಹೆ. ತಿರುಗಿ ಕೊಡದೆ ಮುಟ್ಟಿದವನಿಗೆ ಉರ್ದುವಿನಲ್ಲಿ ಹೇಳುವ ಮಾತು ‘ಅಮಾನತ್ ಮೇ ಖಯಾನತ್’, ಅಂದರೆ ನಂಬಿ ಕೊಟ್ಟಿದ್ದರಲ್ಲಿ ದ್ರೋಹ. ಈಗ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನಲ್ಲಿರುವ, ಮೊದಲು ದಂಡ ಸಂಹಿತೆಯ 405, 406ರಲ್ಲಿದ್ದ ನಂಬಿಕೆ ದ್ರೋಹದ ಅಪರಾಧವನ್ನು ಉರ್ದು ಬಲ್ಲವರು ಈ ಮಾತಿನಿಂದಲೇ ಗುರುತಿಸುತ್ತಾರೆ. 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಡಳಿತದಲ್ಲಿದ್ದ ಈ ಸೀಮೆಯಲ್ಲಿ ಕಚೇರಿಯ ಭಾಷೆ ಉರ್ದುವಾಗಿತ್ತು. ಕಾನೂನಿನ ಇಂಥ ಮಾತುಗಳು ಕಚೇರಿಯಿಂದ ಮನೆಗೆ ಬಂದು ಕನ್ನಡದೊಳಗೆ ಬೆರೆತುಹೋಗಿವೆ.

ಪದದ ನಂಟಸ್ತಿಕೆಯೂ ನೋಡುವಂಥದ್ದೇ. ಅಮಾನತ್, ಇಮಾನು, ಕೋರ್ಟಿನ ಅಮೀನ, ಇವೆಲ್ಲ ಅರಬ್ಬಿಯ ಒಂದೇ ಧಾತುವಿನಿಂದ ಬಂದವು. ಮೂಲದಲ್ಲಿ ನಂಬಿಕೆ, ನಿರ್ಭಯ ಎಂಬ ಅರ್ಥ. ಸಿಟ್ಟು ಬಂದಾಗ ನಮ್ಮವರು ಬಯ್ಯುವ ‘ಬೇಮಾನ’ದ ಒಳಗೂ ಅದೇ ಧಾತು ಇದೆ.

ತೊಡಕು ಇರುವುದು ಉಳಿದ ಕರ್ನಾಟಕದ ಕಿವಿಯಲ್ಲಿ. ಬೆಂಗಳೂರು, ಮೈಸೂರಿನವರಿಗೆ ಅಮಾನತು ಅಂದ ಕೂಡಲೇ ಲಂಚದ ಪ್ರಕರಣದಲ್ಲಿ ಸಿಕ್ಕಿದ ಅಧಿಕಾರಿ ನೆನಪಾಗುತ್ತಾನೆ. ಅದೂ ಇದೇ ಪದದ ಟಿಸಿಲು ಎಂದು ನನ್ನ ಊಹೆ: ಕೆಲಸ ಹೋಗಿಲ್ಲ, ವಿಚಾರಣೆ ಮುಗಿಯುವ ತನಕ ಎತ್ತಿಟ್ಟಿದೆ, ಅಷ್ಟೆ. ಶಾಸನಸಭೆಯನ್ನು ‘ಅಮಾನತಿನಲ್ಲಿಡುವುದು’ ಎಂಬ ಪತ್ರಿಕೆಯ ಮಾತಿನಲ್ಲೂ ಎತ್ತಿಡುವ ಅರ್ಥವೇ ಇದೆ. ಆದರೂ ‘ಈ ಕಂಪನಿ ನಿಮ್ಮ ಮಾಹಿತಿಯ ಅಮಾನತುದಾರ’ ಎಂದು ಓದಿದ ಮಂಡ್ಯದವರು ಏನೆಂದುಕೊಳ್ಳುತ್ತಾರೋ, ಆ ಕಡೆಯ ಸದಸ್ಯರೇ ಹೇಳಬೇಕು.

ಉರ್ದು ಪದ ಯಾಕೆ ಎಂದು ಕೇಳುವವರಿಗೆ ಒಂದು ಮಾತು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಮೂಲಭೂತ ಹಕ್ಕೆಂದು ಸಾರಿದ್ದನ್ನು ನಾವೆಲ್ಲ ‘ಖಾಸಗಿತನ’ ಎಂದೇ ಕರೆಯುತ್ತೇವೆ. (ಆ ಮೊಕದ್ದಮೆ ಹೂಡಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ನಮಗೆ ಹೆಮ್ಮೆಯ ಸಂಗತಿ.) ‘ಖಾಸ್’ ಅರಬ್ಬಿಯದು, ‘ತನ’ ಕನ್ನಡದ್ದು. ಅದು ಒಗ್ಗಿದ ಮೇಲೆ ಇದು ಯಾಕೆ ಒಗ್ಗಬಾರದು?

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಅಮಾನತ್ ಇಟ್ಟುಕೊಂಡವನು ಅದರಿಂದ ಲಾಭ ಮಾಡಿಕೊಳ್ಳುವ ಹಾಗಿಲ್ಲ. ಇಂಟರ್‌ನೆಟ್ ಕಂಪನಿ ಬದುಕುವುದೇ ಆ ಲಾಭದ ಮೇಲೆ. ಗೂಗಲ್‌ನ ಮಾತೃಸಂಸ್ಥೆ ಆಲ್ಫಬೆಟ್ 2023ರಲ್ಲಿ ಗಳಿಸಿದ ಸುಮಾರು 30,700 ಕೋಟಿ ಡಾಲರ್ ವರಮಾನದಲ್ಲಿ 23,800 ಕೋಟಿಯಷ್ಟು ಬಂದದ್ದು ಜಾಹೀರಾತಿನಿಂದ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಒಡೆಯ ಮೆಟಾ ಕಂಪನಿಗೆ ಅದೇ ವರ್ಷ ಬಂದ ಸುಮಾರು 13,490 ಕೋಟಿ ಡಾಲರಿನಲ್ಲಿ 13,190 ಕೋಟಿ ಜಾಹೀರಾತಿನದೇ. ನಾನು ಅನುವಾದಿಸುತ್ತಿರುವ ಆ್ಯಪ್‌ ಕೂಡ ಗೊಬ್ಬರ, ಸಾಲ, ಟ್ರ್ಯಾಕ್ಟರಿನ ಜಾಹೀರಾತು ತೋರಿಸಿ ನಡೆಯುವಂಥದ್ದು. ಹಾಗಾದರೆ ಅಮಾನತು ಎನ್ನುವುದು ಇಲ್ಲದ ಭರವಸೆ ಕೊಟ್ಟಂತೆ ಆಗುವುದಿಲ್ಲವೇ?

ಇಲ್ಲೇ ಎರಡನೆಯ ಪದದ ಪ್ರಶ್ನೆ ಬರುತ್ತದೆ. ಇಂಗ್ಲಿಷ್ ಕರಡಿನಲ್ಲಿರುವ ಒಂದು ವಾಕ್ಯ ಕನ್ನಡದಲ್ಲಿ ‘ನಾವು ನಿಮ್ಮ ಮಾಹಿತಿಯನ್ನು ಮಾರುವುದಿಲ್ಲ’ ಎಂದಾಗುತ್ತದೆ. ದೊಡ್ಡ ಕಂಪನಿಗಳೂ ಇದನ್ನೇ ಹೇಳುತ್ತವೆ, ಅಕ್ಷರಶಃ ಅದು ಸುಳ್ಳೂ ಅಲ್ಲ. ನಮ್ಮಲ್ಲಿ ಹೊಲ ಮಾರದೆ ಲಾವಣಿಗೆ (ಗುತ್ತಿಗೆಗೆ) ಹಾಕುತ್ತೇವಲ್ಲ, ಹಾಗೆ: ಪಹಣಿಯಲ್ಲಿ ಹೆಸರು ಬದಲಾಗುವುದಿಲ್ಲ, ಫಲ ಮಾತ್ರ ಬೇರೆಯವರು ಉಣ್ಣುತ್ತಾರೆ. ಆಳಂದ ತಾಲ್ಲೂಕಿನಲ್ಲಿ ತೊಗರಿ ಬೆಳೆಯುವ, ಈಚೆಗೆ ಸಾಲದ ಬಗ್ಗೆ ಹುಡುಕಿದವರಿಗೆ ನನ್ನ ಜಾಹೀರಾತು ತೋರಿಸಿ ಎಂದು ಬಂದವನಿಗೆ ಕಂಪನಿ ಹೆಸರಿನ ಪಟ್ಟಿ ಕೊಡುವುದಿಲ್ಲ, ಅವರ ಕಣ್ಣೆದುರಿನ ಜಾಗ ಕೊಡುತ್ತದೆ. ಇದರ ಇನ್ನೊಂದು ಬಗೆಯಲ್ಲಿ, ಪುಟ ತೆರೆದುಕೊಳ್ಳುವ ಕ್ಷಣಾರ್ಧದಲ್ಲೇ ಆ ಜಾಗಕ್ಕೆ ಯಂತ್ರಗಳ ನಡುವೆ ಸವಾಲು (ಹರಾಜು) ನಡೆಯುತ್ತದೆ. ಸವಾಲು ಕೂಗುವವರಿಗೆಲ್ಲ ನೋಡುಗನ ಫೋನಿನ ಬಗೆ, ಇರುವ ಜಾಗ, ಓದುತ್ತಿರುವ ವಿಷಯದಂಥ ವಿವರಗಳು ಮೊದಲೇ ಹೋಗಿರುತ್ತವೆ. ಸವಾಲಿನಲ್ಲಿ ಸೋತವನ ಕೈಗೂ ಅವು ಸೇರಿದಂತಾಯಿತು. ಆದ್ದರಿಂದ ‘ಮಾರುವುದಿಲ್ಲ’ ಎಂಬ ಒಂದೇ ಕ್ರಿಯಾಪದ ಸಾಲದು. ‘ಮಾರುವುದಿಲ್ಲ, ಆದರೆ ಜಾಹೀರಾತಿಗೆ ಬಳಸಿ ಹಣ ಗಳಿಸುತ್ತೇವೆ’ ಎಂದು ಬರೆಯಬೇಕೆಂದು ನಾನು ಪಟ್ಟು ಹಿಡಿದಿದ್ದೇನೆ. ಓದುವವನು ತಿಳಿಯಲೇಬೇಕಾದದ್ದು ಆ ಎರಡನೆಯ ಅರ್ಧವೇ.

ಆಕ್ಷೇಪಕ್ಕೆ ನನ್ನ ಉತ್ತರವೂ ಅದರಲ್ಲೇ ಇದೆ. ಅಮಾನತಿನ ಬದಲು ‘ಠೇವಣಿ’ ಎಂದರೆ ಬ್ಯಾಂಕು ಅದನ್ನು ತಿರುಗಿಸಿ ದುಡಿಯುವುದು ಸಹಜ ಅನ್ನಿಸಿಬಿಡುತ್ತದೆ, ಬಡ್ಡಿಯ ಲೆಕ್ಕವೂ ಸೇರಿಕೊಳ್ಳುತ್ತದೆ. ಕಾಯ್ದೆ ಹೇಳುವುದು ಹಾಗಲ್ಲ. ಹೇಳಿದ ಉದ್ದೇಶಕ್ಕೆ ಮಾತ್ರ ಬಳಸು, ಸೋರದಂತೆ ಕಾಪಾಡು, ಸೋರಿದರೆ ತಿಳಿಸು, ಒಪ್ಪಿಗೆ ವಾಪಸಾದರೆ ಅಥವಾ ಉದ್ದೇಶ ಮುಗಿದರೆ ಅಳಿಸು. ಕಾಪಾಡುವಲ್ಲಿ ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಈ ಕಟ್ಟುಪಾಡುಗಳು ಅಮಾನತಿಗೇ ಹತ್ತಿರ. ಕಂಪನಿಯ ನಡತೆ ಪದದ ಎತ್ತರಕ್ಕೆ ಬರುವುದಿಲ್ಲ ಎಂದು ಪದವನ್ನೇ ಇಳಿಸುವುದು ನನಗೆ ಒಪ್ಪಿಗೆಯಿಲ್ಲ. ಆ ಪದ ನೋಟಿಸಿನಲ್ಲಿದ್ದರೆ ರೈತ ನಾಳೆ ಅದನ್ನೇ ಹಿಡಿದು ಕೇಳಬಹುದು: ಅಮಾನತ್ ಅಂತ ಬರ್ದೀರಿ, ಮತ್ತ ಸಾಲದ ಕಂಪನಿ ಫೋನ್ ನನಗ ಹ್ಯಾಂಗ ಬಂತು?

ಮೂರನೆಯದು ‘ಕನ್ಸೆಂಟ್’. ಸಮ್ಮತಿ ಎಂಬುದೇ ಎಲ್ಲ ಕಡೆ ನಡೆಯುತ್ತಿದೆ. ಆದರೆ ಅದರ ಬೆನ್ನಿಗೆ ‘ಮೌನಂ ಸಮ್ಮತಿ ಲಕ್ಷಣಂ’ ಅಂಟಿಕೊಂಡೇ ಬರುತ್ತದಲ್ಲ. ಕಾಯ್ದೆಯ 6ನೇ ಕಲಂ ಇದಕ್ಕೆ ನೇರ ವಿರುದ್ಧ: ಒಪ್ಪಿಗೆ ಒತ್ತಾಯವಿಲ್ಲದ್ದು, ನಿರ್ದಿಷ್ಟವಾದದ್ದು, ತಿಳಿದು ಕೊಟ್ಟದ್ದು, ಷರತ್ತಿಲ್ಲದ್ದು, ಸಂದೇಹಕ್ಕೆ ಎಡೆಯಿಲ್ಲದ್ದು ಆಗಿರಬೇಕು, ಸ್ಪಷ್ಟ ಕ್ರಿಯೆಯಿಂದ ಕೊಟ್ಟಿರಬೇಕು. ಸುಮ್ಮನಿದ್ದರೆ ಒಪ್ಪಿದಂತಲ್ಲ, ಮೊದಲೇ ಗುರುತು ಹಾಕಿಟ್ಟ ಚೌಕ ನಡೆಯದು. ‘ಕಬೂಲ್’ ನಮ್ಮ ಕಡೆ ಬಾಯಿಬಿಟ್ಟು ಹೇಳುವ ಮಾತು, ನಿಕಾಹದಲ್ಲಿ ಕೇಳಿದವರಿಗೆ ಅದರ ತೂಕ ಗೊತ್ತು. ಆದರೆ ತಪ್ಪು ‘ಕಬೂಲ್’ ಮಾಡಿದ ಎಂಬ ಬಳಕೆಯೂ ಇರುವುದರಿಂದ ಆ್ಯಪಿನಲ್ಲಿ ಒತ್ತುವ ಗುಂಡಿಯ ಮೇಲೆ ಹಾಕಲು ಹಿಂಜರಿಯುತ್ತೇನೆ. ‘ಒಪ್ಪಿಗೆ’ ಸಾಕು ಎಂಬ ಕಡೆಗೆ ಇದ್ದೇನೆ. ವಿವರಣೆಯಲ್ಲಿ ‘ರಾಜಿಖುಷಿಯಿಂದ’ ಎಂದು ಸೇರಿಸಿದರೆ ಹಿರಿಯರಿಗೆ ಒತ್ತಾಯವಿಲ್ಲದ್ದು ಎಂಬ ಅರ್ಥ ಥಟ್ಟನೆ ಮುಟ್ಟುತ್ತದೆ.

ಇನ್ನೊಂದು ಸಣ್ಣದು. ಕರಡಿನಲ್ಲಿ ‘ಬೀಗದ ಗುರುತು ಇದೆ, ಈ ತಾಣವನ್ನು ನಂಬಬಹುದು’ ಎಂದಿದೆ. ಇದನ್ನು ತೆಗೆದುಹಾಕಿದ್ದೇನೆ. ಬ್ರೌಸರಿನಲ್ಲಿ ತಾಣದ ವಿಳಾಸದ ಪಕ್ಕದ ಆ ಬೀಗ ಹೇಳುವುದು ಫೋನಿನಿಂದ ಆ ತಾಣದವರೆಗಿನ ದಾರಿಯಲ್ಲಿ ಬೇರೆಯವರು ಓದಲಾರರು ಎಂದಷ್ಟೇ. ತಾಣದವನು ಎಂಥವನು ಎಂದಲ್ಲ. ಮೋಸದ ತಾಣಗಳಿಗೂ ಬೀಗ ಸಿಗುತ್ತದೆ. ಜನ ಇದನ್ನು ತಪ್ಪಾಗಿ ತಿಳಿಯುತ್ತಿದ್ದಾರೆಂದೇ 2023ರಲ್ಲಿ ಕ್ರೋಮ್ ಬ್ರೌಸರು ವಿಳಾಸಪಟ್ಟಿಯಿಂದ ಆ ಬೀಗವನ್ನು ಬದಲಿಸಿತು. ಇಲ್ಲಿ ‘ನಂಬಿಕೆ’ ಬೇಡ, ವಿಳಾಸದ ‘ಖಾತ್ರಿ’ ಎಂದರೆ ಸಾಕು.

ನನಗೆ ಬೇಕಾದ ಉತ್ತರಗಳು ಇವು. ಬೀದರ್, ಬಸವಕಲ್ಯಾಣದ ಕಡೆ ಮರಾಠಿಯ ‘ಠೇವ್’ ಅಮಾನತನ್ನು ತಳ್ಳಿಬಿಟ್ಟಿದೆಯೇ, ಎರಡೂ ಬೇರೆ ಬೇರೆ ಅರ್ಥದಲ್ಲಿ ಉಳಿದಿವೆಯೇ? ಯಾದಗಿರಿ, ಸುರಪುರ, ಶಹಾಪುರದಲ್ಲಿ ಹೆಂಗಸರು ಬಂಗಾರ ಇಡುವಾಗ ಏನೆನ್ನುತ್ತಾರೆ? ಧಾರವಾಡದ ಹಳೆಯ ಪತ್ರಗಳಲ್ಲಿ ‘ಅಮಾನತುದಾರ’ ಎಂಬ ರೂಪವನ್ನು ಯಾರಾದರೂ ಕಂಡಿದ್ದೀರಾ? ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವ ಅವಕಾಶ ಇರಬೇಕೆಂದು ಕಾಯ್ದೆ ಹೇಳುವುದರಿಂದ ಆ ಗುಂಡಿಗೂ ಒಂದು ಹೆಸರು ಬೇಕು. ‘ಸಮ್ಮತಿ ಹಿಂಪಡೆಯುವಿಕೆ’ಯನ್ನು ಯಾರೂ ಒತ್ತಲಾರರು. ‘ಒಪ್ಪಿಗೆ ವಾಪಸ್’ ಎಂದು ಬರೆದಿದ್ದೇನೆ. ಕರಾವಳಿ, ಮಲೆನಾಡಿನವರಿಗೆ ಅದು ಸರಿಯಾಗಿ ಕೇಳುತ್ತದೆಯೇ?