ಮನೆಯವರ ಗುಂಪಿನಲ್ಲಿ 2250ನೇ ನಿರ್ಣಯ

ತಂಗಿ: (ಹಂಚಿಕೊಂಡ ಸಂದೇಶ) "ಭಯೋತ್ಪಾದನೆ ತಡೆಯುವ ಅಂತರರಾಷ್ಟ್ರೀಯ ಪ್ರಯತ್ನದಲ್ಲಿ ಯುವಜನರೂ ಪಾಲುದಾರರು. 2015ರ ಡಿಸೆಂಬರ್ 9ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಂಗೀಕರಿಸಿದ 2250ನೇ ನಿರ್ಣಯ, ಶಾಂತಿ ಮತ್ತು ಭದ್ರತೆಯ ತೀರ್ಮಾನಗಳಲ್ಲಿ ಯುವಜನರಿಗೂ ಪಾಲು ಕೊಡಿ ಎಂದು ದೇಶಗಳನ್ನು ಕೇಳುತ್ತದೆ. ಅದನ್ನು ಓದಿ, ಚರ್ಚಿಸಿ." ಎಲ್ಲರೂ ಅಭಿಪ್ರಾಯ ತಿಳಿಸಿ.

ದೊಡ್ಡಪ್ಪ: ಬಾಂಬ್ ಇಡುವವನನ್ನು ಹಿಡಿಯುವುದು ಪೊಲೀಸರ, ಗುಪ್ತಚರರ ಕೆಲಸ. ಅದರಲ್ಲಿ ಮಕ್ಕಳಿಗೇನು ಕೆಲಸ?

ತಂಗಿ: ಹಿಡಿಯುವುದು ಅವರದೇ ಕೆಲಸ ದೊಡ್ಡಪ್ಪ. ಒಬ್ಬ ಆ ಹಂತಕ್ಕೆ ಹೋಗದಂತೆ ತಡೆಯುವ ಮಾತು ಇದು. ಇನ್ನು, ಈ ನಿರ್ಣಯ ಹೇಳುವ ಯುವಜನರು 18ರಿಂದ 29 ವರ್ಷದವರು, ಮಕ್ಕಳಲ್ಲ.

ಅಣ್ಣ: ಕರಡನ್ನು ಹಿರಿಯರು ಮೊದಲೇ ಬರೆದಿಟ್ಟಿರುತ್ತಾರೆ. ಆಮೇಲೆ ನಾಲ್ವರು ಯುವಕರನ್ನು ವೇದಿಕೆಗೆ ಹತ್ತಿಸಿ ಫೋಟೊ ತೆಗೆಸುತ್ತಾರೆ. ಇಂಥದ್ದನ್ನು ಬೇಕಾದಷ್ಟು ನೋಡಿದ್ದೇವೆ.

ನಾನು: ಈ ನಿರ್ಣಯದ ಮಟ್ಟಿಗೆ ಹಾಗಾಗಲಿಲ್ಲ ಅಣ್ಣ. ಅದೇ ವರ್ಷ ಆಗಸ್ಟ್‌ನಲ್ಲಿ ಜೋರ್ಡಾನ್‌ನ ಅಮ್ಮಾನ್‌ನಲ್ಲಿ ಯುವಜನರು ಸೇರಿ ಒಂದು ಘೋಷಣೆ ಹೊರಡಿಸಿದ್ದರು. ಮಂಡಳಿಯ ನಿರ್ಣಯ ಬಂದದ್ದು ಅದರ ನಂತರ. ಆದರೆ ಆಮೇಲಿನ ಕಥೆಯಲ್ಲಿ ನಿನ್ನ ಮಾತು ನಿಜ. ನಿರ್ಣಯ ದೇಶಗಳನ್ನು ಒತ್ತಾಯಿಸುತ್ತದೆಯೇ ಹೊರತು ಕಟ್ಟಿಹಾಕುವುದಿಲ್ಲ. ಆದ್ದರಿಂದಲೇ ಫೋಟೊಗಳು ಹೆಚ್ಚು, ಸಮಿತಿಯಲ್ಲಿ ಕುರ್ಚಿಗಳು ಕಡಿಮೆ.

ದೊಡ್ಡಪ್ಪ: ಉಗ್ರರ ಗುಂಪಿಗೆ ಸೇರುವವರೂ ಇದೇ ವಯಸ್ಸಿನವರಲ್ಲವೇ? ಅವರ ಮೇಲೆ ಕಣ್ಣಿಡಬೇಕು. ಸಲಹೆ ಕೇಳಿಕೊಂಡು ಕೂರುವ ಹೊತ್ತಲ್ಲ ಇದು.

ನಾನು: ಇಲ್ಲಿಯೇ ನಾನು ನಿಮ್ಮನ್ನು ಒಪ್ಪುವುದಿಲ್ಲ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ 2017ರಲ್ಲಿ ಆಫ್ರಿಕಾದ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿತು. ಸ್ವಇಚ್ಛೆಯಿಂದ ಉಗ್ರ ಗುಂಪು ಸೇರಿದವರನ್ನು, ಕೊನೆಗೆ ಅತ್ತ ದೂಡಿದ್ದು ಯಾವುದು ಎಂದು ಕೇಳಿದರೆ, ಶೇ 71ರಷ್ಟು ಮಂದಿ ಬೊಟ್ಟು ಮಾಡಿದ್ದು ಸರ್ಕಾರದ ಕ್ರಮದ ಕಡೆಗೆ: ಮನೆಯವರನ್ನೋ ಸ್ನೇಹಿತರನ್ನೋ ಕೊಂದದ್ದು, ಬಂಧಿಸಿದ್ದು. ಇಡೀ ಒಂದು ಪೀಳಿಗೆಯನ್ನು ಶಂಕಿತರ ಸಾಲಿನಲ್ಲಿ ನಿಲ್ಲಿಸಿದರೆ ಉಗ್ರರ ನೇಮಕಾತಿಯ ಕೆಲಸವನ್ನು ನಾವೇ ಮಾಡಿಕೊಟ್ಟಂತೆ. ಹಿಂಸೆಗೆ ಇಳಿಯುವವರು ಬೆರಳೆಣಿಕೆಯವರು. ಉಳಿದ ಕೋಟ್ಯಂತರ ಜನರನ್ನು ಆ ಕೆಲವರ ನೆರಳಿನಲ್ಲಿ ನೋಡುವುದು ಅನ್ಯಾಯ, ಭದ್ರತೆಗೂ ಕೇಡು.

ಚಿಕ್ಕಮ್ಮ: ನನ್ನ ಚಿಂತೆ ಬೇರೆ. ಉಗ್ರರ ವಿರುದ್ಧ ಹೆಸರು ಹೇಳಿಕೊಂಡು ಮಾತನಾಡುವ ಹುಡುಗಿಗೆ ಬೆದರಿಕೆ ಬಂದರೆ ಕಾಯುವವರು ಯಾರು? ಸಮ್ಮೇಳನ ಮುಗಿದ ಮೇಲೆ ಅವರೆಲ್ಲ ವಿಮಾನ ಹತ್ತುತ್ತಾರೆ, ಇವಳು ಅದೇ ಬೀದಿಯಲ್ಲಿ ಓಡಾಡಬೇಕು.

ತಂಗಿ: ಸೊಮಾಲಿಯಾದ ಎಲ್ಮಾನ್ ಅಲಿ ಅಹ್ಮದ್ ಅವರನ್ನು ನೆನೆಯಿರಿ ಚಿಕ್ಕಮ್ಮ. ಬಂದೂಕು ಬಿಡಿ, ಲೇಖನಿ ಹಿಡಿಯಿರಿ ಎಂದು ಹುಡುಗರಿಗೆ ಹೇಳುತ್ತಿದ್ದ ಅವರನ್ನು 1996ರಲ್ಲಿ ಮೊಗದಿಶುವಿನಲ್ಲಿ ಕೊಂದರು. ಮಗಳು ಇಲ್ವಾದ್ 2010ರಲ್ಲಿ ಕೆನಡಾದಿಂದ ಹಿಂದಿರುಗಿ ಆ ಕೆಲಸವನ್ನು ಮುಂದುವರಿಸಿದರು. ಸಶಸ್ತ್ರ ಗುಂಪುಗಳಿಂದ ಹೊರಬಂದ ಹುಡುಗರನ್ನು ಮತ್ತೆ ಬದುಕಿಗೆ ತರುವ ಕೆಲಸ ಅದು.

ನಾನು: ಚಿಕ್ಕಮ್ಮ ಕೇಳಿದ್ದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಯುವಜನರು ಅನಗತ್ಯ ಹಸ್ತಕ್ಷೇಪವಿಲ್ಲದೆ ಕೆಲಸ ಮಾಡಲು ಬೆಂಬಲ ಮತ್ತು ರಕ್ಷಣೆ ಬೇಕೆಂದು ಅದೇ ಮಂಡಳಿಯ 2020ರ 2535ನೇ ನಿರ್ಣಯ ಹೇಳುತ್ತದೆ. ಆದರೆ ರಕ್ಷಣೆ ಎಂದರೆ ಕಾವಲುಗಾರರು ಮಾತ್ರವಲ್ಲ. ಈ ಕೆಲಸ ಮಾಡುವ ಯುವಜನರನ್ನು ಪೊಲೀಸರ ಮಾಹಿತಿದಾರರನ್ನಾಗಿ ಮಾಡಬಾರದು. ಇವರ ಬಳಿ ಸಿಟ್ಟು, ಗೊಂದಲ ತೋಡಿಕೊಳ್ಳಲು ಬಂದ ಹುಡುಗನ ಹೆಸರು ಠಾಣೆಗೆ ಹೋಯಿತು ಎಂದು ಒಮ್ಮೆ ಗೊತ್ತಾದರೆ ಸಾಕು, ಮತ್ತೆ ಯಾರೂ ಬರುವುದಿಲ್ಲ. ಕೆಲಸವೂ ಹೋಯಿತು, ಮಾಡುವವರ ಜೀವಕ್ಕೂ ಅಪಾಯ.

ದೊಡ್ಡಪ್ಪ: ಹಾಗಾದರೆ ಒಬ್ಬ ನಾಳೆ ದಾಳಿ ಮಾಡುತ್ತೇನೆ ಎಂದರೂ ಬಾಯಿ ಮುಚ್ಚಿಕೊಂಡಿರಬೇಕೇ?

ನಾನು: ಖಂಡಿತ ಇಲ್ಲ. ಜೀವಕ್ಕೆ ಅಪಾಯ ಕಂಡರೆ ತಿಳಿಸಲೇಬೇಕು. ಹಾಗೆ ತಿಳಿಸುತ್ತೇವೆ ಎಂಬುದನ್ನು ಬಂದವರಿಗೆ ಮೊದಲ ದಿನವೇ ಹೇಳಿರಬೇಕು.

ದೊಡ್ಡಪ್ಪ: ಸಿಟ್ಟು ಎಲ್ಲಿ ಮುಗಿಯಿತು, ಅಪಾಯ ಎಲ್ಲಿ ಶುರುವಾಯಿತು? ಆ ಗೆರೆ ಎಳೆಯುವವರು ಯಾರು?

ತಂಗಿ: ಅದನ್ನು ಎಳೆಯುವಾಗ ಯುವಜನರಾದ ನಾವೂ ಇರಬೇಕು ಎಂದೇ ಕೇಳುತ್ತಿರುವುದು ದೊಡ್ಡಪ್ಪ. ಆ ಹುಡುಗನ ಎದುರು ಕೂರುವವರು ನಾವು.

ದೊಡ್ಡಪ್ಪ: ಇರಿ. ಆದರೆ ಪೊಲೀಸರೂ ಇರಬೇಕು. ಈ ಮಾತನ್ನು ನಾನು ಬಿಡುವುದಿಲ್ಲ.

ನಾನು: ಬಿಡಬೇಡಿ. ಅವರು ಒಪ್ಪಿ ಸಹಿ ಹಾಕದ ಗೆರೆಯನ್ನು ಅವರು ಪಾಲಿಸುವುದೂ ಇಲ್ಲ.

ಅಣ್ಣ: ಸಹಿ ಹಾಕುವ ದಿನದ ಫೋಟೊ ಆದರೆ ನನ್ನ ತಕರಾರಿಲ್ಲ.